ಅವ್ವ ಬಸುರಿಯಾಗಿದ್ದಾಗ ನುಂಗಿದ ಹಾರ್ಮೋನ್ ಮಾತ್ರೆಯಿಂದ ಮಗಳಿಗೆ ಕ್ಯಾನ್ಸರ್ ಬರುತ್ತಾ?

ಮಂಡ್ಯದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಹುಟ್ಟಿದ್ದು 1977ರಲ್ಲಿ, ಮಂಡ್ಯದಲ್ಲಿ. ಮದುವೆಯಾದ ಮೇಲೆ ಮೈಸೂರಿನ ಕುವೆಂಪುನಗರ. ನನಗಿಂತ ಮುಂಚೆ ಅವ್ವನಿಗೆ ಎರಡು ಸಲ ಗರ್ಭ ಹೋಗಿತ್ತು. ನಾನು ಹೊಟ್ಟೆಯಲ್ಲಿದ್ದಾಗ ಅಜ್ಜಿ ಹಟ ಹಿಡಿದು ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಎರಡನೇ ತಿಂಗಳಿಂದ ಏಳು ತುಂಬುವ ತನಕ ದಿನಾ ಮಾತ್ರೆ, ಆಗಾಗ ಇಂಜೆಕ್ಷನ್. ‘ಗರ್ಭ ನಿಲ್ಲೋ ಮಾತ್ರೆ’ ಅಂತ ಮಾತ್ರ ಹೇಳಿದ್ದಾರೆ. ಹೆಸರು ಅವ್ವನಿಗೆ ಗೊತ್ತಿಲ್ಲ. ಚೀಟಿ ಉಳಿದಿಲ್ಲ. ಆ ಡಾಕ್ಟರು ತೀರಿಕೊಂಡು ಎಷ್ಟೋ ವರ್ಷ ಆಯಿತು, ಆ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆ.

ಈಚೆಗೆ ಡಿಇಎಸ್ ಅನ್ನೋ ಮಾತ್ರೆ ಬಗ್ಗೆ ಓದಿದೆ. ಅಮೆರಿಕದಲ್ಲಿ ಗರ್ಭ ಉಳಿಯಲಿ ಅಂತ ಬಸುರಿಯರಿಗೆ ಕೊಟ್ಟರಂತೆ, ಹುಟ್ಟಿದ ಹೆಣ್ಣುಮಕ್ಕಳಿಗೆ ದೊಡ್ಡವರಾದ ಮೇಲೆ ಕ್ಯಾನ್ಸರ್ ಬಂತಂತೆ. ಓದಿದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ನನಗೂ ಮಗು ಆಗೋದು ತಡವಾಯಿತು. ಆದ ಒಬ್ಬಳೇ ಮಗಳು ಎಂಟನೇ ತಿಂಗಳಲ್ಲೇ ಹುಟ್ಟಿದಳು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ನಾನು ಈಗ ಯಾವ ಪರೀಕ್ಷೆ ಮಾಡಿಸಬೇಕು?

ಇನ್ನೊಂದು. ಶ್ರೀರಂಗಪಟ್ಟಣದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಈಗ ಬಸುರಿ, ಮೂರನೇ ತಿಂಗಳು. ಹಿಂದೆ ಒಂದು ಸಲ ಗರ್ಭ ಹೋಗಿತ್ತು, ಈ ಸಲ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಅವಳಿಗೆ ಪ್ರೊಜೆಸ್ಟರಾನ್ ಅಂತ ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಂದು ಇಂಜೆಕ್ಷನ್ ಬೇರೆ. ಯಾಕೆ ಅಂತ ಕೇಳಿದರೆ ‘ಸೇಫ್ಟಿಗೆ’ ಅಂದರಂತೆ. ನಾನು ಓದಿದ್ದನ್ನು ಅವಳಿಗೆ ಹೇಳಲಾ, ಸುಮ್ಮನಿರಲಾ?

ಪ್ರಸೂತಿ ವೈದ್ಯೆ, ಸರಸ್ವತಿಪುರಂ:

ನೋಡಮ್ಮ, ನಿಮ್ಮ ಎರಡು ಪ್ರಶ್ನೆಗೆ ಎರಡು ಬೇರೆ ಉತ್ತರ ಇದೆ. ಅದನ್ನು ಬೆರೆಸಿಕೊಂಡರೆ ಭಯ ಜಾಸ್ತಿ ಆಗುತ್ತೆ. ಮೊದಲು ನಿಮ್ಮದು ಹೇಳುತ್ತೇನೆ.

ಡಿಇಎಸ್ ಅಂದರೆ ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್. ಹೆಣ್ಣಿನ ದೇಹದ ಹಾರ್ಮೋನ್ ಆದ ಈಸ್ಟ್ರೋಜನ್ ಮಾಡುವ ಕೆಲಸವನ್ನೇ ಮಾಡುವ, ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕ. 1938ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಾಡ್ಸ್ ತಂಡ ಅದನ್ನು ತಯಾರಿಸಿತು. ಪೇಟೆಂಟ್ ಇರಲಿಲ್ಲ, ಅಗ್ಗವಾಗಿತ್ತು, ಹಾಗಾಗಿ ಬೇಕಾದಷ್ಟು ಕಂಪನಿಗಳು ಮಾಡಿದವು. ಹಾರ್ವರ್ಡ್‌ನ ಆಲಿವ್ ಸ್ಮಿತ್ ಮತ್ತು ಜಾರ್ಜ್ ಸ್ಮಿತ್ ದಂಪತಿ ಇದು ಗರ್ಭಪಾತ ತಡೆಯುತ್ತದೆ ಎಂದು ನಂಬಿದ್ದರು. ಅವರು ಹೇಳಿದ ಕ್ರಮ ನೋಡಿದರೆ ಈಗಲೂ ಎದೆ ಝಲ್ ಅನ್ನುತ್ತೆ. ಏಳನೇ ವಾರದಿಂದ ದಿನಕ್ಕೆ 5 ಮಿಲಿಗ್ರಾಂ, ಏರಿಸುತ್ತಾ ಏರಿಸುತ್ತಾ 35ನೇ ವಾರಕ್ಕೆ ದಿನಕ್ಕೆ 125 ಮಿಲಿಗ್ರಾಂ.

1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಡೀಕ್‌ಮನ್ ಎಂಬ ವೈದ್ಯರು ಸರಿಯಾಗಿ ಪರೀಕ್ಷೆ ಮಾಡಿ ತೋರಿಸಿದರು. 840 ಬಸುರಿಯರಿಗೆ ಡಿಇಎಸ್, 806 ಜನರಿಗೆ ಔಷಧಿ ಇಲ್ಲದ ಸುಮ್ನೆ ಮಾತ್ರೆ. ಗರ್ಭ ಉಳಿಯುವುದರಲ್ಲಿ ಡಿಇಎಸ್‌ನಿಂದ ಏನೂ ಲಾಭ ಇರಲಿಲ್ಲ. ಇಷ್ಟು ಗೊತ್ತಾದ ಮೇಲೂ ಇನ್ನೂ 18 ವರ್ಷ ಕೊಡುತ್ತಲೇ ಹೋದರು. ನನಗೆ ಕ್ಯಾನ್ಸರ್‌ಗಿಂತ ಮೊದಲು ಕೋಪ ಬರುವುದು ಇದಕ್ಕೆ. ಕೆಲಸ ಮಾಡದ ಔಷಧಿಯನ್ನು ‘ಇರಲಿ, ಏನೂ ತೊಂದರೆ ಇಲ್ಲ’ ಅಂತ ಕೊಟ್ಟರು.

1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಇಬ್ಬರು ಸಹೋದ್ಯೋಗಿಗಳು ಎಂಟು ಹುಡುಗಿಯರ ಬಗ್ಗೆ ಬರೆದರು. 15ರಿಂದ 22 ವಯಸ್ಸು. ಅಷ್ಟೂ ಜನಕ್ಕೆ ಯೋನಿಯ ಕ್ಯಾನ್ಸರ್. ಬಹುಪಾಲು ಕ್ಲಿಯರ್ ಸೆಲ್ ಅಡಿನೋಕಾರ್ಸಿನೋಮ, ಅಂದರೆ ಗ್ರಂಥಿಯ ಜೀವಕೋಶಗಳಲ್ಲಿ ಶುರುವಾಗುವ ಒಂದು ಬಗೆ. ಯೋನಿಯ ಕ್ಯಾನ್ಸರ್ ಅರವತ್ತು ದಾಟಿದವರಲ್ಲೇ ಅಪರೂಪ, ಕಾಲೇಜಿಗೆ ಹೋಗುವ ಹುಡುಗಿಯರಲ್ಲಿ ಕೇಳಿಯೇ ಇರಲಿಲ್ಲ. ಎಂಟರಲ್ಲಿ ಏಳು ಹುಡುಗಿಯರ ತಾಯಂದಿರು ಬಸುರಿಯಾಗಿದ್ದಾಗ ಡಿಇಎಸ್ ತೆಗೆದುಕೊಂಡಿದ್ದರು. ಈ ಸುಳಿವು ಮೊದಲು ಸಿಕ್ಕಿದ್ದು ಒಬ್ಬ ತಾಯಿಯಿಂದ. ‘ನಾನು ಆಗ ತೆಗೆದುಕೊಂಡ ಮಾತ್ರೆಯಿಂದ ಹೀಗಾಗಿರಬಹುದಾ’ ಎಂದು ಆಕೆಯೇ ವೈದ್ಯರನ್ನು ಕೇಳಿದ್ದು. ಅದೇ ವರ್ಷ ನವೆಂಬರಿನಲ್ಲಿ ಬಸುರಿಯರಿಗೆ ಕೊಡಬೇಡಿ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಯೂರೋಪಿನ ಕೆಲವು ದೇಶಗಳಲ್ಲಿ ಆಮೇಲೂ ಕೆಲವು ವರ್ಷ ನಡೆಯಿತು, ಫ್ರಾನ್ಸ್‌ನಲ್ಲಿ 1977ರವರೆಗೆ.

ಕ್ಯಾನ್ಸರ್ ಅಷ್ಟು ವರ್ಷ ಆದ ಮೇಲೆ ಯಾಕೆ ಬಂತು ಅಂದರೆ, ಹೆಣ್ಣುಮಗುವಿನ ಯೋನಿ, ಗರ್ಭಕೋಶ ರೂಪ ತಳೆಯುವುದು ತಾಯಿಯ ಹೊಟ್ಟೆಯಲ್ಲಿ, ಮೊದಲ ಕೆಲವು ತಿಂಗಳಲ್ಲಿ. ಆಗ ಯೋನಿಯ ಒಳಪದರ ಗ್ರಂಥಿ ಬಗೆಯಿಂದ ಚರ್ಮದಂಥ ಬಗೆಗೆ ಬದಲಾಗಬೇಕು. ಡಿಇಎಸ್ ಆ ಬದಲಾವಣೆಗೆ ಅಡ್ಡ ಬರುತ್ತೆ. ಗ್ರಂಥಿಯ ಜೀವಕೋಶಗಳು ಇರಬಾರದ ಕಡೆ ಉಳಿದುಬಿಡುತ್ತವೆ. ಹುಟ್ಟಿದಾಗ ಏನೂ ಕಾಣುವುದಿಲ್ಲ. ಮೈನೆರೆದ ಮೇಲೆ ಮಗಳ ದೇಹದ್ದೇ ಹಾರ್ಮೋನ್ ಏರಿದಾಗ ಅಲ್ಲಿ ತೊಂದರೆ ಶುರುವಾಗಬಹುದು. ನೀವು ಮಂಡ್ಯದವರು, ನಿಮಗೆ ಗೊತ್ತು, ಒಟ್ಲಲ್ಲಿ, ಅಂದರೆ ಸಸಿ ಮಡಿಯಲ್ಲಿ, ಪೈರಿಗೆ ಆದ ಪೆಟ್ಟು ತೆನೆ ಕಟ್ಟುವಾಗ ಗೊತ್ತಾಗುತ್ತೆ.

ಈಗ ಲೆಕ್ಕ ಹೇಳುತ್ತೇನೆ, ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಡಿಇಎಸ್ ತೆಗೆದುಕೊಂಡವರ ಹೆಣ್ಣುಮಕ್ಕಳಲ್ಲಿ ಈ ಕ್ಲಿಯರ್ ಸೆಲ್ ಕ್ಯಾನ್ಸರ್ ಬರುವುದು ಸುಮಾರು ಸಾವಿರಕ್ಕೆ ಒಬ್ಬರಿಗೆ. ಬೇರೆಯವರಿಗಿಂತ ಸುಮಾರು 40 ಪಟ್ಟು ಜಾಸ್ತಿ ಅನ್ನೋದು ನಿಜ, ಆದರೆ ಸಾವಿರದಲ್ಲಿ 999 ಜನಕ್ಕೆ ಬರುವುದಿಲ್ಲ ಅನ್ನೋದೂ ಅಷ್ಟೇ ನಿಜ. ಜಾಸ್ತಿ ಬರುವುದು ಹದಿಹರೆಯದಿಂದ ಇಪ್ಪತ್ತೈದರ ಒಳಗೆ. ಆ ವಯಸ್ಸನ್ನು ನೀವು ಯಾವತ್ತೋ ದಾಟಿದ್ದೀರಿ. ದಾಟಿದ ಮೇಲೆ ಬರುವುದೇ ಇಲ್ಲ ಅಂತಲ್ಲ, ನಲವತ್ತರ ನಂತರವೂ ಕೆಲವರಲ್ಲಿ ಕಂಡಿದೆ, ಹಾಗಾಗಿ ಪರೀಕ್ಷೆ ಬಿಡಬಾರದು.

ಮಕ್ಕಳಾಗುವ ವಿಷಯ ಕೇಳಿದ್ದೀರಿ. 2011ರಲ್ಲಿ ಅಮೆರಿಕದಲ್ಲಿ 4,653 ಡಿಇಎಸ್ ಹೆಣ್ಣುಮಕ್ಕಳನ್ನು ಬೇರೆ 1,927 ಹೆಂಗಸರ ಜೊತೆ ಹೋಲಿಸಿದ ದೊಡ್ಡ ಅಧ್ಯಯನ ಬಂತು. ಬಸುರಾಗಲು ತೊಂದರೆ ಆದವರು ಇವರಲ್ಲಿ ನೂರಕ್ಕೆ 33, ಬೇರೆಯವರಲ್ಲಿ 15ರಿಂದ 16. ತಿಂಗಳು ತುಂಬುವ ಮುಂಚೆ ಹೆರಿಗೆ ನೂರಕ್ಕೆ 53, ಬೇರೆಯವರಲ್ಲಿ 18. ಗರ್ಭಕೋಶದ ಹೊರಗೆ ಬಸಿರು ನಿಲ್ಲುವುದು ನೂರಕ್ಕೆ 15, ಬೇರೆಯವರಲ್ಲಿ 3. ನಲವತ್ತರ ನಂತರ ಸ್ತನ ಕ್ಯಾನ್ಸರ್ ನೂರಕ್ಕೆ 3.9, ಬೇರೆಯವರಲ್ಲಿ 2.2. ಸ್ತನದ ವಿಷಯದಲ್ಲಿ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಹೀಗೆ ಏರಿದ್ದು ಕಾಣಲಿಲ್ಲ, ಅದನ್ನೂ ತಿಳಿದಿರಿ. ಇನ್ನು ನಿಮ್ಮ ಎಂಟನೇ ತಿಂಗಳ ಹೆರಿಗೆ ಇದರಿಂದಲೇ ಅಂತ ಹೇಳುವ ಹಾಗಿಲ್ಲ. ಡಿಇಎಸ್ ಹೆಸರೇ ಕೇಳದವರಿಗೂ ಎಂಟರಲ್ಲಿ ಹೆರಿಗೆ ಆಗುತ್ತೆ, ಚೆಲುವಾಂಬ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ದಿನ ನಿಂತರೆ ಸಾಕು, ಗೊತ್ತಾಗುತ್ತೆ.

ಔಷಧಿ ಅಂಗಡಿ, ಮಂಡ್ಯ:

ನಾನು ಡಾಕ್ಟರ್ ಅಲ್ಲ. 1980ರ ಆಸುಪಾಸಿನಿಂದ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಂತವನು. ಅಕ್ಕ, ಆ ಕಾಲದಲ್ಲಿ ‘ಗರ್ಭ ನಿಲ್ಲೋ ಮಾತ್ರೆ’ ಅಂದರೆ ಒಂದೇ ಮಾತ್ರೆ ಅಲ್ಲ. ಅಲೈಲ್‌ಎಸ್ಟ್ರೆನಾಲ್ ಅನ್ನೋ ಮಾತ್ರೆ ಇತ್ತು. ಹೈಡ್ರಾಕ್ಸಿಪ್ರೊಜೆಸ್ಟರಾನ್ ಇಂಜೆಕ್ಷನ್ ಇತ್ತು. ಸ್ಟಿಲ್‌ಬೆಸ್ಟ್ರಾಲ್, ಅಂದರೆ ಮೇಡಂ ಹೇಳಿದ ಡಿಇಎಸ್, ಅದೂ ಸಿಗುತ್ತಿತ್ತು, ಪ್ರಾಸ್ಟೇಟ್ ಕ್ಯಾನ್ಸರ್ ಆದ ಗಂಡಸರಿಗೆ ಬರೆಯುತ್ತಿದ್ದರು. ನಿಮ್ಮ ತಾಯಿಯವರಿಗೆ ಕೊಟ್ಟಿದ್ದು ಯಾವುದು ಅಂತ ಈಗ ಯಾರೂ ಹೇಳಲಾರರು. ಮಾತ್ರೆ ಬಣ್ಣ ಕೇಳಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ಒಂದೇ ಬಣ್ಣದ ಮಾತ್ರೆ ನೂರು ಇರುತ್ತೆ.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡನ್ನೂ ಜಾಸ್ತಿ ಪ್ರಮಾಣದಲ್ಲಿ ಸೇರಿಸಿದ ಮಾತ್ರೆ, ಇಂಜೆಕ್ಷನ್ ಬರುತ್ತಿತ್ತು. ಇಪಿ ಅನ್ನುತ್ತಿದ್ದರು. ಮುಟ್ಟು ನಿಂತರೆ ಬಸುರೋ ಅಲ್ಲವೋ ನೋಡೋಕೆ ಅದನ್ನೇ ಕೊಡುತ್ತಿದ್ದರು, ರಕ್ತ ಬಂದರೆ ಬಸುರಲ್ಲ ಅಂತ ಲೆಕ್ಕ. ಚೀಟಿ ಇಲ್ಲದೆ ಗಂಡಂದಿರು ಬಂದು ಕೇಳುತ್ತಿದ್ದರು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಅಂತ ಬೇರೆ ದೇಶಗಳಲ್ಲಿ ಬಿಟ್ಟ ಮೇಲೂ ನಮ್ಮಲ್ಲಿ ನಡೆಯುತ್ತಿತ್ತು. ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ವರ್ಷಗಟ್ಟಲೆ ಹೋರಾಡಿದರು, ಕೋರ್ಟಿಗೆ ಹೋಯಿತು, ಕೊನೆಗೆ 1988ರಲ್ಲಿ ನಿಷೇಧ ಆಯಿತು. ಆ ಹೆಂಗಸರು ಬೀದಿಗೆ ಇಳಿಯದೆ ಇದ್ದಿದ್ದರೆ ಇನ್ನೆಷ್ಟು ವರ್ಷ ಮಾರುತ್ತಿದ್ದೆವೋ.

ಹಳೇ ದಾಖಲೆ ಹುಡುಕಿ ಸುಸ್ತಾಗಬೇಡಿ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕು ಅಂತ ವೈದ್ಯರ ನಿಯಮವೇ ಹೇಳುತ್ತೆ. ನಲವತ್ತು ವರ್ಷದ ಮೇಲಿನದ್ದು ಎಲ್ಲಿ ಸಿಗುತ್ತೆ?

ಹುಣಸೂರು ರಸ್ತೆ:

ನನ್ನ ಕೈ ನಡುಗುತ್ತಿದೆ ಇದನ್ನೆಲ್ಲ ಓದಿ. ನನ್ನ ಮಗಳಿಗೆ ಈಗ ಆರು ವರ್ಷ. ಅವಳು ಹೊಟ್ಟೆಯಲ್ಲಿದ್ದಾಗ ಮೂರೂವರೆ ತಿಂಗಳವರೆಗೆ ಪ್ರೊಜೆಸ್ಟರಾನ್ ಮಾತ್ರೆ ಒಳಗೆ ಇಟ್ಟುಕೊಂಡಿದ್ದೆ, ಮುಂಚೆ ಮೂರು ಸಲ ಹೋಗಿತ್ತು. ಅದೂ ಡಿಇಎಸ್ ತರಹದ್ದೇನಾ? ನಾನೇ ನನ್ನ ಮಗುವಿಗೆ ಏನೋ ಮಾಡಿಬಿಟ್ಟೆನಾ? ಡಾಕ್ಟರ್ ಮೇಡಂ ದಯವಿಟ್ಟು ಹೇಳಿ.

ಪ್ರಸೂತಿ ವೈದ್ಯೆ, ಸರಸ್ವತಿಪುರಂ:

ಹುಣಸೂರು ರಸ್ತೆಯವರಿಗೆ ಮೊದಲು. ಅಲ್ಲ, ಅದು ಡಿಇಎಸ್ ತರಹದ್ದಲ್ಲ. ನೀವು ಏನೂ ಮಾಡಿಲ್ಲ. ಪ್ರೊಜೆಸ್ಟರಾನ್ ಅನ್ನೋದು ಬಸುರಾದಾಗ ನಮ್ಮ ದೇಹವೇ ತಯಾರಿಸುವ ಹಾರ್ಮೋನ್. ಈಗ ಒಳಗೆ ಇಟ್ಟುಕೊಳ್ಳಲು ಕೊಡುವ ಮೈಕ್ರೋನೈಸ್ಡ್ ಪ್ರೊಜೆಸ್ಟರಾನ್ ರಚನೆಯಲ್ಲಿ ಅದೇ. ಡಿಇಎಸ್ ದೇಹದಲ್ಲಿ ಎಂದೂ ಇಲ್ಲದ ವಸ್ತು, ಕೆಲಸ ಈಸ್ಟ್ರೋಜನ್‌ದು. ಗುಂಪೇ ಬೇರೆ.

ನಿಮ್ಮಂಥವರಿಗೆ ಅದು ಸುಮ್ನೆ ಕೊಟ್ಟಿದ್ದೂ ಅಲ್ಲ. 2019ರಲ್ಲಿ ಬ್ರಿಟನ್ನಿನಲ್ಲಿ ಪ್ರಿಸಂ ಅನ್ನೋ ಪರೀಕ್ಷೆ ಆಯಿತು. ಬಸುರಿನ ಶುರುವಿನಲ್ಲಿ ರಕ್ತ ಕಂಡ 4,153 ಹೆಂಗಸರು. ಎಲ್ಲರನ್ನೂ ಸೇರಿಸಿ ನೋಡಿದರೆ ಮಗು ಉಳಿದದ್ದು ಪ್ರೊಜೆಸ್ಟರಾನ್ ಕೊಟ್ಟವರಲ್ಲಿ ನೂರಕ್ಕೆ 75, ಕೊಡದವರಲ್ಲಿ 72. ಅಂಥಾ ದೊಡ್ಡ ವ್ಯತ್ಯಾಸ ಅಲ್ಲ. ಆದರೆ ಹಿಂದೆ ಮೂರು ಅಥವಾ ಜಾಸ್ತಿ ಸಲ ಗರ್ಭ ಹೋದವರನ್ನು ಮಾತ್ರ ನೋಡಿದರೆ 72 ಮತ್ತು 57. ರಕ್ತ ಕಂಡಿದ್ದು, ಜೊತೆಗೆ ಹಿಂದೆ ಗರ್ಭ ಹೋಗಿದ್ದು, ಎರಡೂ ಇರುವವರಿಗೆ 16 ವಾರದವರೆಗೆ ಕೊಡಬಹುದು ಎಂದು ಅಲ್ಲಿನ ಸರ್ಕಾರಿ ಮಾರ್ಗಸೂಚಿ 2021ರಲ್ಲಿ ಹೇಳಿತು. ಮಗಳ ಜೊತೆ ನೆಮ್ಮದಿಯಾಗಿರಿ.

ಮಂಡ್ಯದ ಮಗಳು, ನಿಮ್ಮ ತಂಗಿಯ ಮಾತ್ರೆಗೂ ಇದೇ ಉತ್ತರ. ಹಿಂದೆ ಹೋಗಿದೆ, ಈಗ ರಕ್ತ ಕಂಡಿದೆ, ಹಾಗಾಗಿ ಕಾರಣ ಇದೆ. ನಾನು ಪ್ರಶ್ನೆ ಕೇಳು ಅನ್ನೋದು ವಾರದ ಇಂಜೆಕ್ಷನ್ ಬಗ್ಗೆ. ಅದು ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೋಯೇಟ್ ಆಗಿದ್ದರೆ, ಅದು ದೇಹದ ಪ್ರೊಜೆಸ್ಟರಾನ್ ಅಲ್ಲ, ಪ್ರಯೋಗಶಾಲೆಯಲ್ಲಿ ಬದಲಾಯಿಸಿದ್ದು. ದಿನ ತುಂಬದ ಹೆರಿಗೆ ತಡೆಯಲು ಅಮೆರಿಕದಲ್ಲಿ ಕೊಡುತ್ತಿದ್ದರು. ಮತ್ತೆ ಪರೀಕ್ಷೆ ಮಾಡಿದಾಗ ಲಾಭ ಕಾಣಲಿಲ್ಲ, 2023ರ ಏಪ್ರಿಲ್‌ನಲ್ಲಿ ಎಫ್‌ಡಿಎ ಅನುಮತಿ ವಾಪಸ್ ಪಡೆಯಿತು. 2024ರಲ್ಲಿ ಯೂರೋಪಿನ ಔಷಧಿ ಸಂಸ್ಥೆಯೂ ನಿಲ್ಲಿಸಿ ಅಂದಿತು. ಯೂರೋಪಿನವರು ಕೊಟ್ಟ ಕಾರಣದಲ್ಲಿ ಒಂದು, ಹೊಟ್ಟೆಯಲ್ಲಿದ್ದಾಗ ಇದಕ್ಕೆ ಒಡ್ಡಿಕೊಂಡ ಮಕ್ಕಳಿಗೆ ಮುಂದೆ ಕ್ಯಾನ್ಸರ್ ಅಪಾಯ ಇರಬಹುದು ಎನ್ನುವುದು.

ಅದರ ಹಿಂದೆ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಇದೆ. 1959ರಿಂದ 1967ರ ನಡುವೆ ಹುಟ್ಟಿದ ಸುಮಾರು 18,750 ಮಕ್ಕಳನ್ನು ಅರವತ್ತರ ಹತ್ತಿರದವರೆಗೂ ಹಿಂಬಾಲಿಸಿ ನೋಡಿದ್ದು. ಈ ಇಂಜೆಕ್ಷನ್ ಪಡೆದ ತಾಯಂದಿರ ಮಕ್ಕಳಲ್ಲಿ ಕ್ಯಾನ್ಸರ್ ಸುಮಾರು ಎರಡು ಪಟ್ಟು, ಮೊದಲ ಮೂರು ತಿಂಗಳಲ್ಲಿ ಪಡೆದಿದ್ದರೆ ಇನ್ನೂ ಜಾಸ್ತಿ. ಆದರೆ ಆ ಇಂಜೆಕ್ಷನ್ ಸಿಕ್ಕ ಮಕ್ಕಳು 234 ಜನ ಮಾತ್ರ. ಸಣ್ಣ ಗುಂಪು. ಇಂಜೆಕ್ಷನ್ನೇ ಕಾರಣ ಅಂತ ಇದೊಂದರಿಂದ ತೀರ್ಮಾನ ಮಾಡಲು ಆಗುವುದಿಲ್ಲ. ಈಗಾಗಲೇ ತೆಗೆದುಕೊಂಡವರು ಎದೆಗೆಡಬೇಕಿಲ್ಲ. ಆದರೆ ಲಾಭ ತೋರದ ಔಷಧಿಗೆ ಸಣ್ಣ ಅಪಾಯ ಕೂಡ ಯಾಕೆ ಬೇಕು, ಅಲ್ವಾ? 1953ರ ನಂತರ ಕೇಳದೆ ಬಿಟ್ಟ ಪ್ರಶ್ನೆಯೇ ಇದು.

ಹಾಗಂತ ತಂಗಿ ತಾನಾಗಿ ಯಾವುದನ್ನೂ ನಿಲ್ಲಿಸಬಾರದು. ಮುಂದಿನ ಸಲ ಹೋದಾಗ ಕೇಳಲಿ: ಈ ಇಂಜೆಕ್ಷನ್ ಹೆಸರೇನು, ನನಗೆ ಯಾವ ಕಾರಣಕ್ಕೆ, ಎಷ್ಟು ವಾರ, ಮಾತ್ರೆ ಇರುವಾಗ ಇದೂ ಬೇಕಾ. ಉತ್ತರವನ್ನು ತಾಯಿ ಕಾರ್ಡಿನಲ್ಲೋ ಚೀಟಿಯಲ್ಲೋ ಬರೆಸಿಕೊಳ್ಳಲಿ, ಇಂಜೆಕ್ಷನ್ ಡಬ್ಬಿಯ ಫೋಟೋ ತೆಗೆದಿಟ್ಟುಕೊಳ್ಳಲಿ. ಕೇಳಿದರೆ ಸಿಟ್ಟಾಗುವ ಡಾಕ್ಟರುಗಳು ಇದ್ದಾರೆ, ನನಗೆ ಗೊತ್ತು. ಸಿಟ್ಟಾದರೂ ಕೇಳಲಿ.

ಗಾಂಧಿನಗರ ಮಂಡ್ಯ:

ನಾನು ಬೇರೆ ಮಾತು ಹೇಳುತ್ತೇನೆ. ಅವ್ವನನ್ನು ಹೇಗೆ ಕೇಳಿದಿರಿ ಅಕ್ಕ? ನಮ್ಮ ಕಡೆ ಗರ್ಭ ನಿಲ್ಲದ ಹೆಂಗಸನ್ನು ಹೇಗೆ ನೋಡುತ್ತಿದ್ದರು ಅಂತ ನಿಮಗೆ ಹೇಳಬೇಕಿಲ್ಲ. ಸೀಮಂತಗಳಿಗೆ ಕರೆಯುತ್ತಿರಲಿಲ್ಲ, ಗಂಡನಿಗೆ ಇನ್ನೊಂದು ಮದುವೆ ಮಾಡಿ ಅಂತ ಎದುರಿಗೇ ಮಾತಾಡುತ್ತಿದ್ದರು. ನಮ್ಮ ದೊಡ್ಡವ್ವ ಅನುಭವಿಸಿದ್ದು ನೋಡಿದ್ದೇನೆ. ಅಂಥದ್ದರಲ್ಲಿ ಡಾಕ್ಟರು ಮಾತ್ರೆ ಕೊಟ್ಟರೆ ಯಾರು ತಾನೇ ಹೆಸರು ಕೇಳುತ್ತಾರೆ? ನಿಮ್ಮ ಅವ್ವ ನಿಮ್ಮನ್ನು ಉಳಿಸಿಕೊಳ್ಳಲು ನುಂಗಿದ್ದು. ಕ್ಯಾನ್ಸರ್ ಅನ್ನೋ ಪದವನ್ನು ಅವರ ಮುಂದೆ ಎತ್ತಬೇಡಿ, ‘ನನ್ನಿಂದ ಮಗಳಿಗೆ ಹೀಗಾಯಿತು’ ಅಂತ ಉಳಿದ ದಿನ ಕೊರಗುತ್ತಾರೆ.

ಪ್ರಸೂತಿ ವೈದ್ಯೆ, ಸರಸ್ವತಿಪುರಂ:

ನಿಮ್ಮ ಕಾಳಜಿ ಸರಿ. ಆದರೆ ತಾಯಿಯಿಂದ ಪೂರ್ತಿ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಡಿಇಎಸ್ ನುಂಗಿದ ತಾಯಂದಿರಿಗೇ ಸ್ತನ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ನೂರಕ್ಕೆ ಸುಮಾರು 30ರಷ್ಟು ಜಾಸ್ತಿ. ಮಗಳ ಚಿಂತೆಯಲ್ಲಿ ತಾಯಿಯನ್ನು ಯಾರೂ ಪರೀಕ್ಷೆಗೆ ಕರೆದುಕೊಂಡು ಹೋಗುವುದಿಲ್ಲ. ವಯಸ್ಸಾದವರು ಎದೆಯಲ್ಲಿ ಗಂಟು ಇದ್ದರೂ ನಾಚಿಕೆಗೆ ಹೇಳುವುದಿಲ್ಲ, ಇದು ನಾನು ಕಣ್ಣಾರೆ ಕಂಡಿದ್ದು. ‘ನಿಮ್ಮ ವಯಸ್ಸಿನವರು ಎಲ್ಲರೂ ತೋರಿಸಿಕೊಳ್ಳಬೇಕಂತೆ, ಇಬ್ಬರೂ ಹೋಗೋಣ’ ಅಂತ ಹೇಳಿ ಕರೆದುಕೊಂಡು ಹೋಗಬಹುದು. ಅದು ಸುಳ್ಳಲ್ಲ.

ಮಂಡ್ಯದ ಮಗಳು:

ಎಲ್ಲರಿಗೂ ಕೈಮುಗಿದೆ. ತಂಗಿಗೆ ಫೋನ್ ಮಾಡಿದೆ. ಇಂಜೆಕ್ಷನ್ ಹೆಸರು ಡಬ್ಬಿ ನೋಡಿ ಓದಿದಳು, ಮೇಡಂ ಹೇಳಿದ್ದೇ. ಮುಂದಿನ ಸಲ ನಾನೂ ಜೊತೆಗೆ ಹೋಗಿ ಕೇಳುತ್ತೇನೆ, ಅವಳೊಬ್ಬಳೇ ಆದರೆ ಬಾಯಿ ಬಿಡುವುದಿಲ್ಲ.

ಅವ್ವನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. ಮಾತ್ರೆ ವಿಷಯ ಕೇಳಿದಾಗ ತಾನಾಗಿಯೇ ಬಹಳ ಹೊತ್ತು ಮಾತಾಡಿದರು. ಹೋದ ಎರಡು ಮಕ್ಕಳ ಬಗ್ಗೆ ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಎರಡು ಪ್ರಶ್ನೆ ಉಳಿದಿವೆ ಮೇಡಂ. ಯಾವ ಮಾತ್ರೆ ಅಂತಲೇ ಗೊತ್ತಿಲ್ಲದೆ ನಾನು ಡಾಕ್ಟರ್ ಹತ್ತಿರ ಹೋಗಿ ಏನು ಹೇಳಲಿ? ಮಾಮೂಲಿ ಪ್ಯಾಪ್ ಸ್ಮಿಯರ್ ಸಾಕಾ? ಮತ್ತೆ ನನ್ನ ಮಗಳಿಗೆ ಈಗ ಹದಿನೈದು. ಅವಳಿಗೂ ಏನಾದರೂ ಮಾಡಿಸಬೇಕಾ?

ಪ್ರಸೂತಿ ವೈದ್ಯೆ, ಸರಸ್ವತಿಪುರಂ:

ಹೀಗೆ ಹೇಳಿ: ‘ನಾನು ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ತಿಂಗಳುಗಟ್ಟಲೆ ಹಾರ್ಮೋನ್ ಕೊಟ್ಟಿದ್ದಾರೆ, ಯಾವುದು ಗೊತ್ತಿಲ್ಲ, ಡಿಇಎಸ್ ಇರಬಹುದು ಅಂತ ಇಟ್ಟುಕೊಂಡು ಪರೀಕ್ಷೆ ಮಾಡಿ.’ ಇದನ್ನು ಹೇಳದಿದ್ದರೆ ಮಾಮೂಲಿ ಪ್ಯಾಪ್ ಮಾಡಿ ಕಳಿಸುತ್ತಾರೆ. ಮಾಮೂಲಿ ಪ್ಯಾಪ್‌ನಲ್ಲಿ ಪರೀಕ್ಷೆಗೆ ಗರ್ಭಕೋಶದ ಬಾಯಿಯಿಂದ ಮಾತ್ರ ಜೀವಕೋಶ ತೆಗೆಯುತ್ತಾರೆ. ನಿಮಗೆ ಯೋನಿಯ ನಾಲ್ಕೂ ಗೋಡೆಯಿಂದ ತೆಗೆಯಬೇಕು, ಬೆರಳಿನಿಂದ ಮುಟ್ಟಿ ಗಂಟು ಇದೆಯಾ ಅಂತ ನೋಡಬೇಕು, ಒಂದು ಸಲ ಕಾಲ್ಪೋಸ್ಕೋಪಿ, ಅಂದರೆ ದೊಡ್ಡದಾಗಿ ತೋರಿಸುವ ಉಪಕರಣದ ಪರೀಕ್ಷೆ ಮಾಡಿ ಒಳಗೆ ಗ್ರಂಥಿಯ ಪದರ ಉಳಿದಿದೆಯಾ ನೋಡಬೇಕು. ಉಳಿದಿದ್ದರೆ ಕಾಣುತ್ತೆ. ಏನೂ ಇಲ್ಲದಿದ್ದರೆ ನಿಮ್ಮ ಚಿಂತೆ ಎಷ್ಟೋ ಕಡಿಮೆ ಆಗುತ್ತೆ, ಆಮೇಲೆ ವರ್ಷಕ್ಕೊಂದು ಸಲ ತೋರಿಸಿದರೆ ಆಯಿತು. ಜೊತೆಗೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಮೈಸೂರಿನಲ್ಲೇ ಎಲ್ಲ ಆಗುತ್ತೆ, ಬೆಂಗಳೂರಿಗೆ ಓಡಬೇಕಿಲ್ಲ. ಮುಟ್ಟಿನ ನಡುವೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಇದರಲ್ಲಿ ಯಾವುದು ಕಂಡರೂ ವರ್ಷದ ಪರೀಕ್ಷೆವರೆಗೆ ಕಾಯದೆ ಹೋಗಿ. ಯಾವುದೇ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡರೂ ಯೋನಿಯ ಪರೀಕ್ಷೆ ಮುಂದುವರಿಯಬೇಕು, ನಮ್ಮ ಕಡೆ ಗರ್ಭಕೋಶ ತೆಗೆದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ, ಅದಕ್ಕೆ ಹೇಳಿದೆ.

ಮಗಳಿಗೆ ಈ ವಿಷಯಕ್ಕಾಗಿ ಒಳಪರೀಕ್ಷೆ ಏನೂ ಬೇಡ. ಮೊಮ್ಮಕ್ಕಳ ಮೇಲೂ ಅಧ್ಯಯನ ನಡೆಯುತ್ತಿದೆ, ಅವರಿಗೆ ಕ್ಯಾನ್ಸರ್ ಜಾಸ್ತಿ ಅಂತ ಸಾಬೀತಾಗಿಲ್ಲ. ಅವಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದ್ದೀರಾ? ಹಾಕಿಸಿಲ್ಲದಿದ್ದರೆ ಈಗ ಹಾಕಿಸಿ. ಅದು ಡಿಇಎಸ್ ಕ್ಯಾನ್ಸರಿಗಲ್ಲ, ಎಲ್ಲ ಹೆಣ್ಣುಮಕ್ಕಳಿಗೂ ಇರುವ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯಲು. ನೀವು ಪರೀಕ್ಷೆಗೆ ಹೋದ ದಿನವೇ ಅವಳನ್ನೂ ಕರೆದುಕೊಂಡು ಹೋಗಿ, ಎಷ್ಟು ಡೋಸ್ ಅಂತ ಅಲ್ಲೇ ಹೇಳುತ್ತಾರೆ.